ಹೊಸ್ತಿಲ ಕೆಳಗಿನ ಕಾಳು

ಆ ಮನೆಯ ನಕ್ಷೆಯಲ್ಲಿ ಒಂದೂ ಮೆಟ್ಟಿಲಿರಲಿಲ್ಲ. ಶಹಾಪುರದಲ್ಲಿ ನಕ್ಷೆ ಬರೆದುಕೊಟ್ಟು, ಮುಂದೆ ನಿಂತು ಮನೆ ಕಟ್ಟಿಸುವ ನನ್ನಂಥ ಇಂಜಿನಿಯರ ಹತ್ತಿರ ಜನ ಕೇಳುವುದು ಇದಕ್ಕೆ ತೀರಾ ಉಲ್ಟಾ. “ಮನಿ ರೋಡಿಗಿಂತ ಎತ್ತರ ಕಾಣಬೇಕ್ರಿ, ನಾಕು ಮೆಟ್ಟಲ ಏರಿ ಬಂದ್ರ ಮಂದಿಗಿ ಗೊತ್ತಾಗ್ತದ” ಎನ್ನುತ್ತಾರೆ. ನಮ್ಮದು ಎರೆಮಣ್ಣಿನ ಸೀಮೆ. ಮಳೆ ಬಿದ್ದರೆ ಅಂಗಳವೆಲ್ಲ ಅಂಟು, ಚೇಳು ಹಾವಿನ ಕಾಟ ಬೇರೆ. ಎತ್ತರ ಕೇಳುವವರದು ತಪ್ಪೇನೂ ಅಲ್ಲ. ಆದರೆ ಈ ಗಂಡ ಹೆಂಡತಿ ನನ್ನ ಕಚೇರಿಯ ಹೊರಗೆ, ಬೇವಿನ ಗಿಡದ ನೆರಳಲ್ಲೇ ಉಳಿದರು. ಮೆಟ್ಟಿಲಿಲ್ಲದ ಮನೆ ಕೇಳಲು ಬಂದವರಿಗೆ ನನ್ನ ಕಚೇರಿಯ ಎರಡು ಮೆಟ್ಟಿಲೇ ಅಡ್ಡ ಬಂದಿದ್ದವು.

ಹೆಂಡತಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಕಾಲೆರಡೂ ಸೋತಿದ್ದವು, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಗಂಡ ಟ್ರ್ಯಾಕ್ಟರ್ ಮೆಕ್ಯಾನಿಕ್, ಊರಲ್ಲೇ ಸಣ್ಣ ಗ್ಯಾರೇಜು. ಅವರಿದ್ದ ಬಾಡಿಗೆ ಮನೆಗೆ ಮೂರು ಮೆಟ್ಟಿಲು. ದಿನಾ ಬೆಳಿಗ್ಗೆ ಆತ ಆಕೆಯನ್ನು ಎತ್ತಿ ಕೆಳಗಿಳಿಸುತ್ತಿದ್ದ, ಸಂಜೆ ಎತ್ತಿ ಒಳಗೊಯ್ಯುತ್ತಿದ್ದ. ಅದನ್ನು ಆತ ಹೇಳಿದ್ದು ಹೆಮ್ಮೆಯಿಂದ. ಆಕೆ ಕೇಳಿಸಿಕೊಂಡದ್ದು ಬೇರೆ ಕಡೆ ನೋಡುತ್ತ.

“ನಾ ಎಲ್ಲಿಗಿ ಹೋದ್ರೂ ಕಡೀಕ ಒಳಗ ಹೋಗಾಕಿ ಮೇಡಂ” ಎಂದಳು ಟೀಚರು. “ಎಲ್ಲಾರೂ ಹೋದ ಮ್ಯಾಲ ಯಾರರ ನೆನಪ ಮಾಡ್ಕೊಂಡು ಬಂದು ಎತ್ತತಾರ, ಇಲ್ಲಾ ದಬ್ಬತಾರ. ಮದಿವ್ಯಾಗಿ ಗಂಡನ ಮನಿಗಿ ಬಂದಾಗೂ ಇವ್ರು ಎತ್ಗೊಂಡೇ ಒಳಗ ಒಯ್ದಾರ. ನನ್ನ ಮನ್ಯಾಗ ಹಂಗ ಆಗಬಾರದು. ನಾನೇ ಮೊದಲ ಒಳಗ ಹೋಗಬೇಕು, ಹೊರಗ ನಿಂತವ್ರಿಗಿ ನಾ ಬರ್ರಿ ಅನಬೇಕು. ಅಷ್ಟು ಮಾಡಿಕೊಡ್ರಿ ಸಾಕು.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಲ್ಲಿ ಹೆಸರಿದೆ. ಅವತ್ತು ಮಾತ್ರ ಸುಮ್ಮನೆ ಕೇಳಿಸಿಕೊಂಡೆ. ಒಳಗೊಳಗೇ ಲೆಕ್ಕ ಶುರುವಾಗಿತ್ತು.

ಲೆಕ್ಕ ಕೇಳಲು ಸಣ್ಣದು. ಒಂದು ಇಂಚು ಏರಬೇಕಾದರೆ ಒಂದು ಅಡಿ ಉದ್ದದ ಇಳಿಜಾರು ಬೇಕು. ಇವರ ನಿವೇಶನ ಭೀಮರಾಯನಗುಡಿಗೆ ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ, ಅಪ್ಪಟ ಎರೆಭೂಮಿ. ಅಲ್ಲಿ ಎರಡು ಅಡಿಗಿಂತ ತಗ್ಗಿನಲ್ಲಿ ನೆಲಗಟ್ಟು ಕಟ್ಟಿದರೆ ಮೊದಲ ಮಳೆಗೇ ನೀರು ಒಳಗೆ ಬಂದು ನಮಸ್ಕಾರ ಹೇಳುತ್ತದೆ. ಎರಡು ಅಡಿ ಎಂದರೆ ಇಪ್ಪತ್ನಾಲ್ಕು ಅಡಿ ಇಳಿಜಾರು. ಗೇಟಿನಿಂದ ಹಿಡಿದು ಕಾಂಪೌಂಡ್ ಗೋಡೆಗುಂಟ ಒಯ್ದು, ಮೂಲೆಯಲ್ಲಿ ತಿರುಗಿಸಿ, ತಲಬಾಗಿಲಿಗೆ ತಂದು ಮುಟ್ಟಿಸಿದೆ. ಅಲ್ಲಿಗೆ ಜಾಗ ಮುಗಿಯಿತು, ಒಂದು ಗೇಣೂ ಉಳಿಯಲಿಲ್ಲ.

ಕಾಗದದ ಮೇಲಿನ ಇಳಿಜಾರನ್ನು ನಾನು ನಂಬುವುದಿಲ್ಲ. ಎಷ್ಟೋ ಕಡೆ ಗಾಲಿಕುರ್ಚಿಗೆಂದು ಕಟ್ಟಿದ್ದು ಜಾರುಬಂಡೆಯಾಗಿ, ಮಕ್ಕಳು ಆಡಲಷ್ಟೇ ಬಳಕೆಯಾಗುತ್ತಿರುವುದನ್ನು ನೋಡಿದ್ದೇನೆ. ಹಾಗಾಗಿ ಗ್ಯಾರೇಜಿನಲ್ಲಿ ಇಟ್ಟಿಗೆಯ ಮೇಲೆ ಹಲಗೆ ಹಾಕಿಸಿ ಟೀಚರನ್ನೇ ಏರಲು ಹೇಳಿದೆ. ಲೆಕ್ಕದ ಇಳಿಜಾರನ್ನು ಆಕೆ ಮಾತಾಡುತ್ತಲೇ ಏರಿದಳು. ಮುಂದಿನ ತುದಿಗೆ ಇನ್ನೊಂದೆರಡು ಇಟ್ಟಿಗೆ ಸೇರಿಸಿದ್ದೇ ತಡ, ನಡುವೆ ಅಂಗೈ ಜಾರಿ ಕುರ್ಚಿ ಹಿಂದಕ್ಕುರುಳಿತು. ಗಂಡ ಹಿಂದೆ ನಿಂತಿದ್ದಕ್ಕೆ ಬಚಾವಾಯಿತು. ಆಕೆ ಕೈ ಒರೆಸಿಕೊಂಡು, “ಮೊದಲಿಂದೇ ಫೈನಲ್ ಮಾಡ್ರಿ. ಇದಕ್ಕಿಂತ ಒಂದು ನೂಲೂ ಹೆಚ್ಚು ನನ್ನ ಕೈಲಿ ಆಗಂಗಿಲ್ಲ” ಎಂದಳು.

ಇಷ್ಟೆಲ್ಲ ಆದ ಮೇಲೆ ತಕರಾರು ಬಂದದ್ದು ಹೊಸ್ತಿಲಿನಿಂದ. ಸಾಧಾರಣ ಹೊಸ್ತಿಲು ಎರಡು ಮೂರು ಇಂಚು ಎತ್ತರ ಇರುತ್ತದೆ. ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿಗೆ ಅದೊಂದು ಗೋಡೆ. ಹೊಸ್ತಿಲೇ ಬೇಡ ಎಂದು ನಾನು ನಕ್ಷೆಯಲ್ಲಿ ಬರೆದಿದ್ದೆ. ಮೇಸ್ತ್ರಿ ನಕ್ಷೆ ನೋಡಿ ಬೀಡಿ ಆರಿಸಿದರು. ಸುರಪುರದ ಕಡೆಯ ವಯಸ್ಸಾದ ಮುಸಲ್ಮಾನರು ಅವರು. ಎಲ್ಲರೂ ಚಾಚಾ ಎನ್ನುತ್ತಾರೆ.

“ಅಕ್ಕಾರ, ಹೊಸ್ತಲ ಇಲ್ಲದ ಮನಿ ನಾ ಕಟ್ಟಂಗಿಲ್ರಿ. ನಾಳಿಗಿ ಏನರ ಹೆಚ್ಚುಕಮ್ಮಿ ಆದ್ರ ಮಂದಿ ಏನಂತಾರ? ಸಾಬ ಕಟ್ಟಿದ, ಅವಗೇನ್ ಗೊತ್ತು ನಮ್ಮ ಪದ್ಧತಿ ಅಂತಾರ. ಆ ಮಾತ ನನಗ ಬ್ಯಾಡ” ಎಂದರು.

ಮೆಕ್ಯಾನಿಕನ ತಾಯಿ ಅದಕ್ಕೆ ಇನ್ನೊಂದು ಸೇರಿಸಿದರು. “ಹೊಸ್ತಲ ಇಲ್ದಿದ್ರ ದಿನಾ ಮುಂಜಾನಿ ಅರಿಶಿನ ಕುಂಕುಮ ಎಲ್ಲಿಗಿ ಹಚ್ಚಲಿ? ಗ್ವಾಡಿಗಿ ಹಚ್ಚಲ್ಯಾ?”

ಎರಡು ದಿನ ತಲೆ ಕೆಡಿಸಿಕೊಂಡು ಒಂದು ದಾರಿ ಹುಡುಕಿದೆ. ಹೊಸ್ತಿಲು ಇರಲಿ, ಆದರೆ ನೆಲದೊಳಗೆ ಇರಲಿ. ಶಹಾಪುರದ ಗುಡ್ಡದ ಕಲ್ಲಿನಲ್ಲಿ ಹೊಸ್ತಿಲು ಕೆತ್ತಿಸಿ, ಅದರ ಮೇಲ್ಮೈ ಒಳಗಿನ ನೆಲಕ್ಕೂ ಹೊರಗಿನ ಪಡಸಾಲೆಗೂ ಸರಿಸಮ ಬರುವಂತೆ ಹೂಳುವುದು. ಮಳೆನೀರು ಒಳಗೆ ಬಾರದಂತೆ ಕಲ್ಲಿನ ಹೊರಮಗ್ಗುಲಿಗೆ ಸಣ್ಣ ಕಾಲುವೆ, ಅದರ ಮೇಲೆ ಕಬ್ಬಿಣದ ಜಾಲರಿ. ಚೇಳು ನುಸುಳದಂತೆ ಬಾಗಿಲಿನ ಕೆಳಗೆ ಬ್ರಷ್ಷಿನ ಪಟ್ಟಿ. ಬಾಗಿಲ ಚೌಕಟ್ಟಿನ ಎರಡು ಕಂಬಗಳ ಬುಡಕ್ಕೆ ಒಂದೊಂದು ಗೂಟ, ಕಲ್ಲಿನಲ್ಲಿ ಅದಕ್ಕೆ ತಕ್ಕ ಕುಳಿ. ಚಾಚಾ ಒಪ್ಪಿದರು. ಮುದುಕಿಯೂ ಕಲ್ಲು ಸವರಿ ನೋಡಿ, “ಕಣ್ಣಿಗಿ ಕಾಣಸ್ತದಲಾ, ಸಾಕು” ಎಂದರು. ನಾನು ಬೆನ್ನು ಚಪ್ಪರಿಸಿಕೊಂಡೆ. ಸ್ವಲ್ಪ ಬೇಗ ಚಪ್ಪರಿಸಿಕೊಂಡೆನೇನೋ.

ಚೌಕಟ್ಟು ನಿಲ್ಲಿಸುವ ಮುಹೂರ್ತದ ದಿನ ನನಗೆ ಸುರಪುರದಲ್ಲಿ ಸ್ಲ್ಯಾಬಿನ ಕೆಲಸ. ಮರುದಿನ ಬಂದು ಲೆವೆಲ್ ನೋಡಿದೆ. ಚಾಚಾ ಕಲ್ಲನ್ನು ನನ್ನ ಗುರುತಿಗೆ ಕೂದಲೆಳೆಯೂ ಆಚೀಚೆಯಾಗದಂತೆ ಕೂರಿಸಿದ್ದರು. ಕಂಬಗಳಿಗೆ ಮಾವಿನೆಲೆ, ಹಳದಿ ಬಟ್ಟೆ. ಎರಡೂ ಕಡೆ ಬಿದಿರಿನ ಆಸರೆ. ನನಗೆ ಖುಷಿಯಾಯಿತು.

ಅಲ್ಲಿಂದ ಮುಂದೆ ಆ ಮನೆಯ ಕಾವಲು ಗಂಡ ಹೆಂಡತಿಯದು. ಬೇಸಿಗೆ ಸುಡುತ್ತಿತ್ತು. ಸಿಮೆಂಟಿಗೆ ನೀರುಣಿಸದಿದ್ದರೆ ಬೂದಿಯಾಗುತ್ತದೆ ಎಂದು ನಾನು ಒಮ್ಮೆ ಹೇಳಿದ್ದೆ, ಟೀಚರು ಅದನ್ನು ಪ್ರಮೇಯದಂತೆ ಹಿಡಿದಳು. ಶಾಲೆಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ, ರಜೆ ಬಿದ್ದ ಮೇಲಂತೂ ಹೊತ್ತು ಗೊತ್ತಿಲ್ಲದೆ ಪೈಪು ಹಿಡಿದು ಕೂರುತ್ತಿದ್ದಳು. ಮೇಲಿನ ಗೋಡೆಗಳಿಗೆ ಗಂಡ ನೀರು ಬಿಡುತ್ತಿದ್ದ. ಆಕೆಯ ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು ತಲಬಾಗಿಲು, ಹಾಗಾಗಿ ಅದಕ್ಕೆ ಅಭಿಷೇಕವೇ ಆಗುತ್ತಿತ್ತು. ಜೊತೆಗೆ ನನಗೆ ಫೋನು. “ಮೇಡಂ, ಅಡಿಗಿಮನಿ ಗ್ವಾಡ್ಯಾಗ ಒಂದು ಇಟ್ಟಂಗಿ ಸೀಳ್ಯಾದ ನೋಡ್ರಿ.” ಒಂದು ಇಟ್ಟಿಗೆಗೆ ಫೋನು ಮಾಡುವ ಯಜಮಾನಿಯನ್ನು ನಾನು ಕಂಡದ್ದು ಅದೇ ಮೊದಲು. ಬೈದುಕೊಳ್ಳುತ್ತಲೇ ಹೋಗಿ ನೋಡುತ್ತಿದ್ದೆ, ಸೀಳಿರುತ್ತಿತ್ತು.

ಗೋಡೆ ಬಾಗಿಲ ಎತ್ತರಕ್ಕೆ ಬಂತು. ಮುಂದಿನದು ಲಿಂಟಲ್. ಬಾಗಿಲು ಕಿಟಕಿಗಳ ನೆತ್ತಿಯ ಮೇಲೆ ಮನೆಯ ಸುತ್ತ ಪಟ್ಟಿಯಂತೆ ಹಾಕುವ ಕಾಂಕ್ರೀಟು ಅದು. ಒಮ್ಮೆ ಬಿತ್ತೆಂದರೆ ಅದರ ಕೆಳಗಿನ ಯಾವುದನ್ನೂ ಅಲ್ಲಾಡಿಸುವಂತಿಲ್ಲ. ಕಬ್ಬಿಣ ಕಟ್ಟಿಯಾಗಿತ್ತು, ಹಲಗೆ ಬಡಿದಾಗಿತ್ತು, ಮರುದಿನ ಬೆಳಿಗ್ಗೆ ಮಿಕ್ಸರ್ ಬರುವುದೆಂದು ಗೊತ್ತಾಗಿತ್ತು. ಮೃಗಶಿರಾ ಮಳೆ ಇವತ್ತೋ ನಾಳೆಯೋ ಎನ್ನುವಂತಿತ್ತು. ಹಿಂದಿನ ದಿನ ಮಧ್ಯಾಹ್ನ ಕೊನೆಯ ಸಲ ಲೆವೆಲ್ ನೋಡಲು ಹೋದೆ.

ನಮ್ಮ ಲೆವೆಲ್ ಎಂದರೆ ನೀರು ತುಂಬಿದ ಪಾರದರ್ಶಕ ಪೈಪು. ಒಂದು ತುದಿ ಗೋಡೆಯ ಗುರುತಿನ ಹತ್ತಿರ, ಇನ್ನೊಂದು ತುದಿ ನೋಡಬೇಕಾದಲ್ಲಿ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲಬೇಕು. ಕಿಟಕಿಗಳೆಲ್ಲ ಸರಿ ಬಂದವು. ತಲಬಾಗಿಲ ಚೌಕಟ್ಟಿನ ನೆತ್ತಿ ಮಾತ್ರ ಗೆರೆಗಿಂತ ಮುಕ್ಕಾಲು ಇಂಚು ಮೇಲಿತ್ತು.

“ಚಾಚಾ, ಪೈಪಿನಾಗ ಗಾಳಿ ಸೇರ್ಯಾದ ನೋಡ್ರಿ” ಎಂದೆ.

ಪೈಪು ಜಾಡಿಸಿ ಮತ್ತೆ ಹಿಡಿದರು. ಮುಕ್ಕಾಲು ಇಂಚು. ತುದಿಗಳನ್ನು ಅದಲು ಬದಲು ಮಾಡಿ ಹಿಡಿದೆವು, ಆಗಲೂ ಅಷ್ಟೇ.

“ಚೌಕಟ್ಟ ಬೆಳದದ ಏನ್ರಿ?” ಎಂದು ಟೀಚರು ನಕ್ಕಳು. ನನಗೆ ನಗು ಬರಲಿಲ್ಲ. ಬಾಗಿ ಹೊಸ್ತಿಲು ನೋಡಿದೆ. ಕಲ್ಲು ಓರೆಯಾಗಿರಲಿಲ್ಲ, ನೆಟ್ಟಗೇ ಇತ್ತು. ಆದರೆ ನೆಲದ ಗುರುತಿಗಿಂತ ಮುಕ್ಕಾಲು ಇಂಚು ಮೇಲೆದ್ದಿತ್ತು. ಕೆಳಗಿನ ಗಾರೆಗೂ ಕಲ್ಲಿಗೂ ನಡುವೆ ಒಂದು ಸೀಳು. ಅಳತೆಯ ಉಕ್ಕಿನ ಪಟ್ಟಿ ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು.

“ಇದರ ಕೆಳಗ ಏನ್ ಇಟ್ಟೀರಿ?” ಎಂದು ಕೇಳಿದೆ.

ಗಂಡ ಚಾಚಾನ ಮುಖ ನೋಡಿದ, ಚಾಚಾ ನೆಲ ನೋಡಿದರು. ಹೊಸ್ತಿಲ ಕೆಳಗೆ ಸಣ್ಣ ಗುಂಡಿ ಮಾಡಿ ಬೆಳ್ಳಿಯ ಚೂರು, ತಾಮ್ರದ ಬಿಲ್ಲೆ, ಒಂಬತ್ತು ಕಾಳಿನ ಒಂದು ಗಂಟು ಇಡುವುದು ನಮ್ಮಲ್ಲಿ ಇದ್ದದ್ದೇ. ನಿಂಬೆಹಣ್ಣಿನಷ್ಟು ಗಂಟಿಗೆ ನಾನು ಜಾಗ ಬಿಟ್ಟಿದ್ದೆ. ಆದರೆ ಮುಹೂರ್ತದ ದಿನ ಮುದುಕಿ ಬಾಡಿಗೆ ಮನೆಯ ಓಣಿಯ ಹೆಂಗಸರನ್ನೆಲ್ಲ ಕರೆದಿದ್ದರು. ನಡೆಯಲಾರದ ಸೊಸೆ ಮನೆ ಕಟ್ಟಿಸುತ್ತಿದ್ದಾಳೆಂದು ಎಲ್ಲರಿಗೂ ಅಕ್ಕರೆ. ಒಬ್ಬೊಬ್ಬರೂ ಹಿಡಿಗಟ್ಟಲೆ ತೊಗರಿ, ಕಡಲೆ, ಜೋಳ ತಂದು ಹಾಕಿದ್ದರು.

“ಗಂಟು ಎಷ್ಟು ದೊಡ್ಡದಿತ್ತು?”

ಚಾಚಾ ಎರಡೂ ಕೈ ಅಗಲಿಸಿ ತೋರಿಸಿದರು. ಸಣ್ಣ ಕುಂಬಳಕಾಯಿಯಷ್ಟು. “ಗುಂಡಿ ನಾನೇ ಅಗಲ ಮಾಡ್ದೆ ಅಕ್ಕಾರ. ಹೆಣ್ಮಕ್ಕಳು ಅಷ್ಟು ಖುಷಿಲೇ ತಂದಿದ್ರು, ಬ್ಯಾಡ ಅನ್ನಾಕ ಮನಸ ಬರಲಿಲ್ಲ. ಗಟ್ಟಿ ಕಟ್ಟಿ, ಒತ್ತಿ ಕೂಡ್ಸಿದ್ದೆ.”

ಒಣಕಾಳನ್ನು ಗಟ್ಟಿ ಕಟ್ಟಿ ಕಲ್ಲಿನ ಕೆಳಗೆ ಒತ್ತಿಟ್ಟಿದ್ದಾರೆ. ಅದರ ಮೇಲೆ ದಿನಕ್ಕೆ ಎಷ್ಟೋ ಸಲ ನೀರು. ರಾತ್ರಿ ನೆನೆಹಾಕಿದ ಕಡಲೆ ಬೆಳಿಗ್ಗೆ ಪಾತ್ರೆಯ ಮುಚ್ಚಳ ಎತ್ತಿರುವುದನ್ನು ನೋಡದವರು ಯಾರು? ಗಾರೆ ಹಸಿಯಿರುವಾಗಲೇ ಕಾಳು ಉಬ್ಬಿ, ಕಲ್ಲನ್ನೂ ಅದರ ಮೇಲಿನ ಚೌಕಟ್ಟನ್ನೂ ನೆಟ್ಟಗೆ ಎತ್ತಿಬಿಟ್ಟಿತ್ತು. ಎರಡೂ ಕಡೆ ಆಸರೆಯಿದ್ದದ್ದರಿಂದ ಚೌಕಟ್ಟು ವಾಲಲಿಲ್ಲ. ತೂಗುಗುಂಡು ಬಿಟ್ಟು ನೋಡಿದವರಿಗೆ ಎಲ್ಲ ಸರಿಯಾಗೇ ಕಂಡಿತ್ತು. ಗೋಡೆ ಕಟ್ಟಿದ್ದು ಆಮೇಲೆ.

ಟೀಚರು ಕೈಯಲ್ಲಿದ್ದ ನೀರಿನ ಪೈಪನ್ನು ನೋಡಿದಳು. ಮೆಲ್ಲಗೆ ಕೆಳಗಿಟ್ಟಳು. “ನಾನೇ ಎತ್ತೀನಿ ಅಂದಂಗಾತು” ಎಂದಳು.

ಚಾಚಾ ಒಂದು ಸಲಹೆ ಕೊಟ್ಟರು. ಒಳಗಿನ ನೆಲವನ್ನೂ ಪಡಸಾಲೆಯನ್ನೂ ಮುಕ್ಕಾಲು ಇಂಚು ಎತ್ತಿಬಿಟ್ಟರೆ ಕಲ್ಲು ಮತ್ತೆ ಸಮ ಆಗುತ್ತದೆ. ಆದರೆ ನೆಲ ಏರಿದರೆ ಇಳಿಜಾರೂ ಏರಬೇಕು, ಉದ್ದ ಮಾಡಲು ಜಾಗವಿಲ್ಲ. ಒಂದು ನೂಲೂ ಹೆಚ್ಚು ಆಗದು ಎಂದು ಆಕೆ ಗ್ಯಾರೇಜಿನಲ್ಲೇ ಹೇಳಿದ್ದಳು. ಅದು ಹೋಗಲಿ ಎಂದರೂ, ಒಳಗಿನ ಕಾಳು ಕೊಳೆತು ಕುಗ್ಗುತ್ತದೆ. ಆಗ ಕಲ್ಲಿನ ಕೆಳಗೆ ಪೊಳ್ಳು. ಜನರ ಕಾಲು, ಕುರ್ಚಿಯ ಭಾರ ಬಿದ್ದು ಒಂದು ದಿನ ಕಲ್ಲು ನಡುವೆ ಮುರಿಯುತ್ತದೆ. ಗಂಟನ್ನು ತೆಗೆಯಲೇಬೇಕಿತ್ತು, ಅದೂ ಲಿಂಟಲ್ ಬೀಳುವ ಮೊದಲು, ಅಂದರೆ ಅವತ್ತೇ.

ಗಂಡನ ಮುಖ ಬಿಳಿಚಿತು. “ಪೂಜಿ ಮಾಡಿದ ಹೊಸ್ತಲ ಕಿತ್ತಿದ್ರ ಅವ್ವ ಈ ಮನಿಯೊಳಗ ಕಾಲ ಇಡಂಗಿಲ್ರಿ.” ಆಮೇಲೆ ಹೆಂಡತಿಯ ಕಡೆ ತಿರುಗಿ, “ಇಷ್ಟಽ ಅಲಾ, ಒಂದು ಬೆರಳಷ್ಟು. ನಾ ಎತ್ತಿ ಒಳಗ ಬಿಡ್ತೀನಿ ಬಿಡು” ಎಂದ.

ಆಕೆ ಕುರ್ಚಿಯ ಕೈ ಹಿಡಿದುಕೊಂಡಳು. “ಒಂದು ಬೆರಳಷ್ಟು. ನೀವು ಗ್ಯಾರೇಜಿನಾಗ ಇದ್ದಾಗ ಒಂದು ಬೆರಳಷ್ಟು. ನಿಮಗ ಜ್ವರ ಬಂದು ಮಲಗಿದಾಗ ಒಂದು ಬೆರಳಷ್ಟು. ಬಾಡಿಗಿ ಮನ್ಯಾಗ ಮೂರು ಮೆಟ್ಟಲ ಇದ್ವು, ಸ್ವಂತ ಮನ್ಯಾಗ ಒಂದು ಬೆರಳು. ನನಗೇನ್ ಫರಕ್ ಬಿತ್ತು? ಹಂಗಿದ್ರ ಈ ಮನಿ ನಿಮಗ ಕಟ್ಟಿಸ್ಕೋರಿ, ನನಗ ಬ್ಯಾಡ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸ್ಥಿತಿ. ಗಂಡ ಹೆಂಡತಿಯ ನಡುವೆ ಬಾಯಿ ಹಾಕಬಾರದು ಎನ್ನುವುದು ನನ್ನ ಕಸುಬಿನ ಮೊದಲ ಪಾಠ. ಅವತ್ತು ಮರೆತೆ. “ಜಗಳ ಆಮ್ಯಾಲ ಮಾಡ್ರಿ. ಮೊದಲ ನಿಮ್ಮ ಅವ್ವನ್ನ ಕರ್ಕೊಂಡು ಬರ್ರಿ, ಬರೋವಾಗ ಗ್ಯಾರೇಜಿಂದ ಎರಡು ಜಾಕ್ ತರ್ರಿ” ಎಂದು ಗದರಿದೆ. ಜಾಕ್ ತರಲು ಹೇಳಿದ್ದು ಧೈರ್ಯದಿಂದಲ್ಲ. ಮುದುಕಿ ಒಪ್ಪದಿದ್ದರೆ ಕಲ್ಲು ಮುಟ್ಟುವ ಹಕ್ಕು ನನಗಿಲ್ಲ ಎಂದು ಗೊತ್ತಿತ್ತು. ಮನೆ ಅವರದು, ನಂಬಿಕೆಯೂ ಅವರದು.

ಮುದುಕಿ ಆಟೋದಿಂದ ಇಳಿಯುತ್ತಲೇ ದನಿ ಎತ್ತಿದರು. “ಯಾರ ಕಿತ್ತೋರು ಹೊಸ್ತಲ? ಕೂಸಿನ್ನ ತೊಟ್ಟಲದಾಗ ಹಾಕಿ ಹೊರಗ ತಗದಂಗಲ್ಲ ಇದು! ಲಕ್ಷ್ಮೀನ್ನ ಕೂಡ್ಸೀವಿ ಅಲ್ಲಿ!”

ನಾನು ಪೊಳ್ಳು, ಮುರಿತ ಎಂದೆಲ್ಲ ವಿವರಿಸಿದೆ. ಕೇಳಿಸಿಕೊಳ್ಳಲಿಲ್ಲ. ಮಗ ಏನೋ ಹೇಳಹೋದ, “ನೀ ಸುಮ್ಮನಿರು” ಎಂದರು. ಸೊಸೆ ದೂರದ ಗುಡ್ಡ ನೋಡುತ್ತ ಕೂತಿದ್ದಳು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು.

ಆಗ ಚಾಚಾ ಯಾರನ್ನೂ ಕೇಳದೆ ಕಲ್ಲಿನ ಒಳಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತು, ಸೀಳಿನಲ್ಲಿದ್ದ ಸಡಿಲ ಗಾರೆಯನ್ನು ಕರಣೆಯ ತುದಿಯಿಂದ ಕೆದರಿದರು. “ಅಮ್ಮಾರ, ಇಲ್ಲಿ ಬಂದು ನೋಡ್ರಿ” ಎಂದರು.

ಸೀಳಿನೊಳಗಿಂದ ಬಿಳಿಯ ಎಳೆಗಳು ಹೊರಗೆ ಬಂದಿದ್ದವು. ಬಿಸಿಲು ಕಾಣದೆ ಉದ್ದವಾಗಿ, ಸೊರಗಿ ಬೆಳೆದ ಮೊಳಕೆಗಳು. ಒಂದೆರಡಕ್ಕೆ ತುದಿಯಲ್ಲಿ ಹಳದಿ ಎಲೆ ಬಿಚ್ಚುತ್ತಿತ್ತು. ಮುದುಕಿ ಮಂಡಿ ಊರಿ ಕೂತರು. ಬೆರಳಿನಿಂದ ಒಂದು ಎಳೆಯನ್ನು ಮುಟ್ಟಿದರು.

“ತೊಗರಿ” ಎಂದರು. “ಹುಟ್ಯಾದ.”

ಬಯ್ಗುಳ ಬರುತ್ತದೆಂದು ನಾನು ಕಾಯುತ್ತಿದ್ದೆ. ಅವರು ಸೊಸೆಯ ಕಡೆ ತಿರುಗಿದರು.

“ದಸರಾದಾಗ ಘಟ ಹಾಕ್ತೀವಿ. ಮಣ್ಣಾಗ ಕಾಳ ಹಾಕಿ ದಿನಾ ನೀರ ಹಣಸ್ತೀವಿ. ಸಸಿ ಬಂದ ಮ್ಯಾಲ ಏನ್ ಮಾಡ್ತೀವಿ?”

“ಘಟ ಎಬ್ಬಸ್ತೀವಿ, ಸಸಿ ಹೊರಗ ತಗೀತೀವಿ” ಎಂದಳು ಸೊಸೆ.

“ಹೌದಲಾ. ಸಸಿ ಬಂದ ಮ್ಯಾಲೂ ಹಂಗೇ ಇಟ್ರ ಪಾಪ ಬರ್ತದ. ಹುಟ್ಟಿದ್ದರ ಮ್ಯಾಲ ಕಲ್ಲ ಹೇರಿ ಇಡಬಾರದು.” ಮಗನಿಗೆ ಕೈ ಮಾಡಿದರು. “ತಗೀರಿ. ಸೂರ್ಯ ಮುಳುಗೋದ್ರಾಗ ತಗೀರಿ. ಆದ್ರ ನನ್ನ ಸಸಿ ಮುರೀಬಾರದು.”

ನನಗೆ ಆ ಮುದುಕಿಯ ಕಾಲಿಗೆ ಬೀಳಬೇಕೆನಿಸಿತು. ಬೀಳಲು ಹೊತ್ತಿರಲಿಲ್ಲ.

ಕೆಲಸ ಹೀಗೆ ಮಾಡುವುದೆಂದು ಗೊತ್ತುಮಾಡಿದೆವು. ಚೌಕಟ್ಟಿನ ಕಂಬಗಳನ್ನು ಕಬ್ಬಿಣದ ಹಿಡಿಗಳು ಗೋಡೆಯೊಳಗೆ ಹಿಡಿದುಕೊಂಡಿದ್ದವು, ಅದನ್ನು ಇಳಿಸುವ ಮಾತೇ ಇಲ್ಲ. ಎರಡು ಕಂಬಗಳಿಗೂ ಸೇರಿ ಅಡ್ಡಲಾಗಿ ಒಂದು ದಪ್ಪ ತೊಲೆಯನ್ನು ಬೋಲ್ಟಿನಿಂದ ಬಿಗಿದು, ಅದರ ಕೆಳಗೆ ಎರಡು ಜಾಕ್ ಕೊಟ್ಟು ಚೌಕಟ್ಟಿನ ಭಾರ ಹೊರಿಸುವುದು. ಕಲ್ಲಿನ ಎರಡು ತುದಿಗೂ ಕಬ್ಬಿಣದ ಬೆಣೆ ಹೊಡೆದು ಕಲ್ಲನ್ನು ಅವುಗಳ ಮೇಲೆ ನಿಲ್ಲಿಸುವುದು. ನಡುವಿನ ಗಂಟನ್ನು ಒಳಮಗ್ಗುಲಿನಿಂದ ಎಳೆದು ತೆಗೆದು, ಗುಂಡಿಗೆ ಕಾಂಕ್ರೀಟು ತುಂಬಿ, ಬೆಣೆಗಳನ್ನು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಕಲ್ಲನ್ನು ಗುರುತಿಗೆ ಇಳಿಸುವುದು.

ಮೊದಲ ಏಟಿಗೇ ತೊಂದರೆ. ಜಾಕ್ ಏರಿಸಿದರೆ ತೊಲೆ ಏಳುವ ಬದಲು ಜಾಕೇ ನೆಲಕ್ಕೆ ಇಳಿಯಿತು. ನೀರುಂಡು ನೀರುಂಡು ಒಳಗಿನ ಭರ್ತಿ ಮಣ್ಣು ಮೆತ್ತಗಾಗಿತ್ತು. ನೆಲಕ್ಕೆ ಹಾಸಲೆಂದು ತಂದಿದ್ದ ಪರಸಿ ಕಲ್ಲುಗಳನ್ನು ಒಂದರ ಮೇಲೊಂದಿಟ್ಟು ಜಾಕಿಗೆ ಬುಡ ಕೊಟ್ಟೆವು. ಈ ಸಲ ನಿಂತಿತು. ಚೌಕಟ್ಟು ಒಮ್ಮೆ ನರಳಿತು. ಎಡಗಡೆಯ ಹಿಡಿಯ ಗಾರೆಯಲ್ಲಿ ಕೂದಲಿನಷ್ಟು ಬಿರುಕು ಬಿಟ್ಟಿತು. “ಬಸ್ ಬಸ್, ಇನ್ ಬ್ಯಾಡ!” ಎಂದು ಚಾಚಾ ಕೈ ಎತ್ತಿದರು. ನಾನು ಬಿರುಕಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಅದು ಬೆಳೆಯುತ್ತದೆಯೇ ನೋಡುತ್ತ ನಿಂತೆ. ಬೆಳೆಯಲಿಲ್ಲ.

ಗಂಟು ತೆಗೆಯುವುದು ಗಂಡನ ಪಾಲಿಗೆ ಬಂತು. ಇಂಜಿನ್ನಿನ ಅಡಿಗೆ ಮಲಗಿ ಕೆಲಸ ಮಾಡಿ ರೂಢಿಯಿದ್ದವನು ಆತನೊಬ್ಬನೇ. ಆತ ಹೊಟ್ಟೆಯ ಮೇಲೆ ಮಲಗಿ, ಗಂಟಿನ ಬಟ್ಟೆ ಹರಿದು ಸಸಿಗಳನ್ನು ಬೇರು ಸಮೇತ ಹಿಡಿಹಿಡಿಯಾಗಿ ತೆಗೆದುಕೊಟ್ಟ. ಮುದುಕಿ ಅವನ್ನು ಹಸಿ ಗೋಣಿಯ ಮೇಲೆ ಮಲಗಿಸುತ್ತಿದ್ದರು. ಕೆಳಗಿನ ಕಾಳು ಕೊಳೆಯಲು ಶುರುವಾಗಿತ್ತು, ವಾಸನೆ ಬಂತು. ಬೆಳ್ಳಿ, ತಾಮ್ರ ಸಿಕ್ಕವು. ಕೊನೆಗೆ ಬಟ್ಟೆಯ ಒಂದು ಚುಂಗು ಕಲ್ಲಿನಡಿಯಲ್ಲಿ ಸಿಕ್ಕಿಕೊಂಡಿತು.

“ಬಿಡ್ರಿ ಅದನ್ನ!” ಎಂದೆ.

“ಇನ್ ಸ್ವಲ್ಪಽ ಅದರಿ” ಎನ್ನುತ್ತ ಆತ ಮೊಣಕೈವರೆಗೆ ಕೈ ಹಾಕಿ ಜಗ್ಗಿದ. ಬಲಗಡೆಯ ಬೆಣೆ ಹಾರಿತು. ಕಲ್ಲು ಆ ತುದಿಗೆ ಧಪ್ಪನೆ ಕುಸಿಯಿತು. ಟೀಚರು ಚೀರಿದ್ದು ಕೇಳಿಸಿತು. ಪುಣ್ಯಕ್ಕೆ ಕಂಬದ ಗೂಟ ಕುಳಿಯಲ್ಲಿ ಕಚ್ಚಿಕೊಂಡು ಕಲ್ಲು ಅರ್ಧದಲ್ಲೇ ನಿಂತಿತ್ತು. ಆತ ಕೈ ಎಳೆದುಕೊಂಡಾಗ ಗೆಣ್ಣುಗಳ ಚರ್ಮ ಸುಲಿದಿತ್ತು, ಮೂಳೆ ಗಟ್ಟಿಯಿತ್ತು. ಮುಷ್ಟಿಯಲ್ಲಿ ಬಟ್ಟೆಯ ಚುಂಗಿತ್ತು.

ಟೀಚರು ಕುರ್ಚಿ ಉರುಳಿಸಿಕೊಂಡು ಹತ್ತಿರ ಬಂದಳು. ಆತನ ಕೈ ಹಿಡಿದು ಒಂದೊಂದೇ ಬೆರಳು ಮಡಚಿ ನೋಡಿದಳು. “ಕೈ ಹೋಗಿದ್ರ?” ಎಂದಳು. “ಈ ಕೈ ಮ್ಯಾಲೇ ನಾ ಇಷ್ಟು ದಿನ ಬಾಳ್ವಿ ಮಾಡೀನಿ.” ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ತಾನೇ ಆ ಕೈಗೆ ಬಟ್ಟೆ ಕಟ್ಟಿದಳು. ಮಧ್ಯಾಹ್ನದ ಜಗಳದ ನಂತರ ಆಕೆ ಆತನೊಡನೆ ಆಡಿದ ಮೊದಲ ಮಾತು ಅದು.

ಕಲ್ಲು ಒಂದು ತುದಿಗೆ ತಗ್ಗಾಗಿ, ಇನ್ನೊಂದು ತುದಿಗೆ ನೇತುಬಿದ್ದಿತ್ತು. ಬಲವಂತ ಮಾಡಿದರೆ ಸೀಳುತ್ತದೆ. ಎಡಗಡೆಯ ಬೆಣೆಯನ್ನೂ ಸಡಿಲಿಸಿ, ಗೂಟದ ಸುತ್ತ ಎಣ್ಣೆ ಬಿಟ್ಟು ಕಾದೆವು. ಚಾಚಾ ಮರದ ಸುತ್ತಿಗೆಯಿಂದ ಮಗುವಿನ ಬೆನ್ನು ತಟ್ಟುವಂತೆ ತಟ್ಟುತ್ತ ಹೋದರು. ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ತಾಡಪತ್ರಿ ಹಿಡಿದು ನಿಂತೆವು. ಆಗ ಕಲ್ಲು ಸಣ್ಣಗೆ ಸದ್ದು ಮಾಡಿ ಗೂಟ ಬಿಟ್ಟು ಕೆಳಗಿಳಿದು ಕೂತಿತು. ಒಳಮಗ್ಗುಲಿನಿಂದ ಗುಂಡಿಗೆ ಗಟ್ಟಿ ಕಾಂಕ್ರೀಟು ತುರುಕಿದೆವು, ಎರಡು ತುದಿಗೂ ಹೊಸ ಗಾರೆ ತುಂಬಿ ಪೈಪು ಹಿಡಿದೆವು. ನೀರು ಎರಡೂ ಕಡೆ ಗುರುತಿಗೆ ಬಂದು ನಿಂತಿತು. ಕಂಬದ ಬುಡಕ್ಕೂ ಕಲ್ಲಿಗೂ ನಡುವೆ ಉಳಿದ ಸಂದಿಗೆ ತೇಗದ ಬಿಲ್ಲೆ ಬಡಿದೆವು. ನೆತ್ತಿಯಲ್ಲಿ ಹೆಚ್ಚಾಗಿದ್ದ ಮುಕ್ಕಾಲು ಇಂಚಿಗೆ ಬಾಗಿಲ ಮೇಲಿನ ಲಿಂಟಲಿನ ಹಲಗೆಯನ್ನಷ್ಟೇ ಏರಿಸಿದರೆ ಸಾಕಿತ್ತು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾವ ಗಾಲಿಯನ್ನೂ ತಡೆಯುವುದಿಲ್ಲ.

ಗಾರೆ ಮುಚ್ಚುವ ಮೊದಲು ಮುದುಕಿ ಬೆಳ್ಳಿ ತಾಮ್ರ ಎರಡನ್ನೂ ಕಲ್ಲಿನ ಮಗ್ಗುಲಿಗೆ ಇಟ್ಟರು. “ಕಾಳು?” ಎಂದು ಚಾಚಾ ಕೇಳಿದರು. “ಬ್ಯಾಡಪ್ಪ. ಅವು ಸುಮ್ಮನ ಕೂಡಂಗಿಲ್ಲ” ಎಂದರು. ಸಸಿಗಳನ್ನು ಇಳಿಜಾರು ತಿರುಗುವ ಮೂಲೆಯಲ್ಲಿ ತಾವೇ ನೆಟ್ಟರು. ಬೆಳಿಗ್ಗೆ ಮಿಕ್ಸರ್ ಬಂತು, ಲಿಂಟಲ್ ಬಿತ್ತು. ಟೀಚರಿಗೆ ನಾನು ಕಟ್ಟುನಿಟ್ಟಾಗಿ ಹೇಳಿದೆ, ನೀರು ಹಾಕಿ, ಆದರೆ ತಲಬಾಗಿಲಿಗೆ ನಾನು ಹೇಳಿದಷ್ಟೇ. ಆಕೆ ವಿದ್ಯಾರ್ಥಿಯಂತೆ ತಲೆಯಾಡಿಸಿದಳು.

ಗೃಹಪ್ರವೇಶ ದೀಪಾವಳಿ ಕಳೆದ ಮೇಲೆ. ಅಷ್ಟು ಹೊತ್ತಿಗೆ ಮೂಲೆಯ ತೊಗರಿ ಆಳೆತ್ತರ ಬೆಳೆದು ಹಳದಿ ಹೂ ಬಿಟ್ಟಿತ್ತು. ಬಂಧುಗಳು, ಓಣಿಯ ಹೆಂಗಸರು, ಶಾಲೆಯವರು, ಚಾಚಾ, ಎಲ್ಲರೂ ಗೇಟಿನ ಬಳಿ ನಿಂತಿದ್ದರು. ಟೀಚರು ಹೊಸ ಇಳಕಲ್ ಸೀರೆ ಉಟ್ಟು ಇಳಿಜಾರಿನ ಬುಡದಲ್ಲಿ ಕುರ್ಚಿ ತಂದು ನಿಲ್ಲಿಸಿದಳು. ಅಭ್ಯಾಸಬಲದಿಂದ ಯಾರೋ ಮುಂದೆ ಬಂದು ಕುರ್ಚಿಗೆ ಕೈ ಹಾಕಿದರು.

“ಯಾರೂ ಮುಟ್ಟಬ್ಯಾಡ್ರಿ” ಎಂದರು ಮುದುಕಿ.

ಆಕೆ ಏರತೊಡಗಿದಳು. ನನಗೆ ಗಾಲಿಯೊಂದೇ ಕಾಣುತ್ತಿತ್ತು. ತಿರುವಿನಲ್ಲಿ ತೊಗರಿ ಗಿಡದ ಪಕ್ಕ ನಿಂತು ಉಸಿರು ತೆಗೆದುಕೊಂಡಳು. ಗಂಡ ಕೆಳಗೆ ನಿಂತು ಎರಡು ಕೈಯನ್ನೂ ಬೆನ್ನ ಹಿಂದೆ ಒಂದಕ್ಕೊಂದು ಹಿಡಿದುಕೊಂಡಿದ್ದ. ಆಕೆ ಮತ್ತೆ ಹೊರಟಳು. ಹೊಸ್ತಿಲು ಹತ್ತಿರ ಬಂದಾಗ ನಾನು ಟಕ್ ಎನ್ನುವ ಸದ್ದಿಗಾಗಿ ಕಿವಿಗೊಟ್ಟು, ಅದು ಬರಬಾರದು, ಬರಬಾರದು ಎಂದುಕೊಳ್ಳುತ್ತಿದ್ದೆ. ಮುಂದಿನ ಪುಟ್ಟ ಗಾಲಿಗಳು ಅರಿಶಿನ ಕುಂಕುಮ ಹಚ್ಚಿದ ಕಲ್ಲಿನ ಮೇಲೆ ಬಂದವು, ದಾಟಿದವು. ಸದ್ದು ಬರಲಿಲ್ಲ.

ಒಳಗೆ ಹೋಗಿ ಆಕೆ ಕುರ್ಚಿ ತಿರುಗಿಸಿ ನಮ್ಮ ಕಡೆ ಮುಖ ಮಾಡಿದಳು. ಒಂದು ಗಳಿಗೆ ಏನು ಮಾಡಬೇಕೆಂದು ತೋಚದವಳಂತೆ ಕಂಡಳು. ಅಷ್ಟು ಜನ ಹೊರಗೆ ನಿಂತು ತನ್ನನ್ನು ಕಾಯುವುದು ಆಕೆಗೆ ಹೊಸದು. ಆಮೇಲೆ ಸೆರಗು ಸರಿಮಾಡಿಕೊಂಡು, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ ಹೇಳಿದಳು.

“ಬರ್ರಿ. ಎಲ್ಲಾರೂ ಒಳಗ ಬರ್ರಿ.”

ಯಾರೂ ಕದಲಲಿಲ್ಲ, ಗಂಡ ಮೊದಲು ಹೋಗಲಿ ಎಂದು ಕಾದರು. ಆತ ನಿಂತಲ್ಲೇ ನಿಂತಿದ್ದ, ಕಣ್ಣು ತುಂಬಿತ್ತು.

“ಏ, ನಿಮಗ ಬ್ಯಾರೆ ಹೇಳಬೇಕೇನ್ರಿ? ಬರ್ರಿ ಒಳಗ” ಎಂದಳು ಆಕೆ.

ಆತ ಇಳಿಜಾರು ಏರಿ ಹೋಗಿ ಚಪ್ಪಲಿ ಬಿಟ್ಟ. ಬಾಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಹೆಂಡತಿ ಕರೆದ ಮನೆಯೊಳಗೆ ಹೋದ.